ಹೊಳೆ ಬಿಟ್ಟ ಮೆಟ್ಟಿಲು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಜಪ ಕಡಿಮೆ, ನಕ್ಷೆ ಜಾಸ್ತಿ.

ಸುತ್ತಲ ಹಳ್ಳಿಯವರು ಬಾವಿಕಟ್ಟೆ ಕಟ್ಟಲಿ, ಶಾಲೆ ಕಟ್ಟಲಿ, ನಕ್ಷೆ ಬರೆದುಕೊಡುವುದು ಆ ಆಶ್ರಮದ ಸೇವೆ. ಮೊದಲು ಕಾಗದದ ಮೇಲೆ ಬರೆಯುತ್ತಿದ್ದರು. ಈಗ ಕಂಪ್ಯೂಟರಿನಲ್ಲಿ.

ಗುರುಗಳು ರುದ್ರಾರಾಧ್ಯರು. ಮಾತು ಕಡಿಮೆ, ಕೋಪವೂ ಕಡಿಮೆ. ಇವೆರಡೂ ಕಡಿಮೆಯಿದ್ದವರನ್ನು ಕಂಡರೆ ಹಾಲೇಶನಿಗೆ ಅನುಮಾನ.

ಹಾಲೇಶ ಹೊಸ ಶಿಷ್ಯ. ಆಶ್ರಮದ ಯಾವ ಬಾಗಿಲಿಗೂ ಬೀಗವಿರಲಿಲ್ಲ. ಅವನು ಬಂದ ದಿನವೇ ತನ್ನ ಟ್ರಂಕಿಗೆ ಬೀಗ ಜಡಿದ. ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಅಸಲು, ನಕಲು ಎರಡನ್ನೂ ಕಟ್ಟಿಕೊಂಡ. ಅವನು ನಡೆದರೆ ಎರಡೂ ಒಂದಕ್ಕೊಂದು ತಾಕಿ ಸದ್ದಾಗುತ್ತಿತ್ತು.

"ಟ್ರಂಕಲ್ಲಿ ಏನಿದೆ ಹಾಲಣ್ಣ?" ಎಂದು ನಾಗವೇಣಿ ಕೇಳಿದಳು. ಅವಳು ಅವನಿಗಿಂತ ಮುಂಚೆ ಬಂದು ಸೇರಿದ್ದ ಶಿಷ್ಯೆ.

"ಬಟ್ಟೆ."

"ಅಷ್ಟೇನಾ?"

"ಯಾಕೆ ಕೇಳ್ತೀಯ?"

"ಬೀಗ ನೋಡಿ ಕೇಳಿದೆ. ಬಟ್ಟೆ ಎದ್ದು ಓಡಿಹೋಗುತ್ತೇನೋ ಅಂತ."

ಅವಳು ನಗುತ್ತ ಹೋದಳು. ಹಾಲೇಶ ಬೀಗದ ಮುಖವನ್ನು ಗೋಡೆಯ ಕಡೆ ತಿರುಗಿಸಿಟ್ಟ.

ಮೊದಲ ಪಾಠದ ದಿನ ಗುರುಗಳು ಅವನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಪರದೆ ಕಪ್ಪಗಿತ್ತು.

"ಏನು ಕಾಣ್ತದೆ?"

"ಏನೂ ಇಲ್ಲ."

"ಸರಿಯಾಗಿ ನೋಡು."

ನೋಡಿದ. ಮೇಲೆ ಸಾಲು ಸಾಲು ಸಣ್ಣ ಚಿತ್ರಗಳು. ಕೆಳಗಿನ ಮೂಲೆಯಲ್ಲಿ ಎರಡು ಬಾಣ, ಒಂದು ಬಲಕ್ಕೆ, ಒಂದು ಮೇಲಕ್ಕೆ. ತಳದಲ್ಲಿ ಒಂದು ಉದ್ದ ಪಟ್ಟಿ. ನಡುವೆ ಒಂದು ಕೂಡುಗುರುತು. ಅವನ ಕೈ ಅಲುಗಿದರೆ ಅದೂ ಅಲುಗುತ್ತಿತ್ತು.

"ಇದು ನನ್ನನ್ನೇ ನೋಡ್ಕೊಂಡು ಓಡಾಡ್ತಿದೆ," ಎಂದ.

"ಅದು ನಿನ್ನ ಬೆರಳು."

ಗುರುಗಳು ಗೆರೆ ಎಳೆಯುವ ಚಿತ್ರವನ್ನು ತೋರಿಸಿದರು. ಹಾಲೇಶ ಅದನ್ನು ಒತ್ತಿದ. ತಳದ ಪಟ್ಟಿಯಲ್ಲಿ ಒಂದು ಪ್ರಶ್ನೆ ಮೂಡಿತು. ಮೊದಲ ಬಿಂದು ಎಲ್ಲಿ?

"ಯಾರು ಗುರುಗಳೇ ಕೇಳ್ತಿರೋದು?"

"ಯಂತ್ರ."

"ಅದಕ್ಯಾಕೆ ಬೇಕು?"

"ಅದಕ್ಕೆ ಗೊತ್ತಿಲ್ಲ. ಕೇಳ್ತದೆ."

ಗೊತ್ತಿಲ್ಲದವರ ಹಾಗೆ ಕೇಳಿ ಕೇಳಿ ಒಳಗಿನದೆಲ್ಲ ತಿಳಿದುಕೊಳ್ಳುವವರನ್ನು ಹಾಲೇಶ ಬೇಕಾದಷ್ಟು ಕಂಡಿದ್ದ. ಒಲ್ಲದ ಮನಸ್ಸಿನಿಂದ ಒಂದು ಬಿಂದು ಕೊಟ್ಟ. ಪಟ್ಟಿ ಮುಂದಿನ ಬಿಂದು ಕೇಳಿತು. ಅದನ್ನೂ ಕೊಟ್ಟ. ಪರದೆಯ ಮೇಲೆ ಒಂದು ಬಿಳಿ ಗೆರೆ ನಿಂತಿತು.

"ಈ ಬಯಲು ಎಷ್ಟು ದೊಡ್ಡದು?" ಎಂದರು ಗುರುಗಳು.

ಹಾಲೇಶ ಪರದೆಯ ಮೇಲೆ ಗೇಣಿಟ್ಟು ಅಳೆದ. "ಎರಡು ಗೇಣು."

ಗುರುಗಳು ಮೌಸ್ ತೆಗೆದುಕೊಂಡರು. ಅದರ ಬೆನ್ನ ಮೇಲಿನ ಸಣ್ಣ ಚಕ್ರವನ್ನು ತಿರುಗಿಸಿದರು. ಗೆರೆ ಕಡ್ಡಿಯಷ್ಟಾಯಿತು. ಅಕ್ಕಿಕಾಳಿನಷ್ಟಾಯಿತು. ಕಾಣದಾಯಿತು.

"ಅಳಿಸಿಬಿಟ್ರಲ್ಲ!"

"ಅಳಿಸಿಲ್ಲ. ನಾವು ದೂರ ಬಂದೆವು."

ಚಕ್ರವನ್ನು ಎರಡು ಸಲ ಒತ್ತಿದರು. ಟಕ್ ಟಕ್. ಗೆರೆ ಪರದೆಯ ತುಂಬ ಬಂದು ನಿಂತಿತು.

"ಕೂತ ಕೂಡಲೇ ಹೀಗೆ ಎರಡು ಸಲ ಒತ್ತು. ಬಯಲಲ್ಲಿ ಏನೇನಿದೆಯೋ ಎಲ್ಲ ಒಟ್ಟಿಗೆ ಕಾಣ್ತದೆ. ಆಮೇಲೆ ಕೈ ಹಾಕು."

"ಮತ್ತೆ?"

"ಇವತ್ತಿಗೆ ಅಷ್ಟೆ."

ಗುರುಗಳು ಎದ್ದು ಹೋದರು. ಹಾಲೇಶ ಆ ಸಾಲು ಚಿತ್ರಗಳನ್ನೇ ನೋಡುತ್ತ ಕೂತ. ಅಷ್ಟೊಂದು ಚಿತ್ರಗಳಿವೆ, ಕಲಿಸಿದ್ದು ಚಕ್ರ ಒತ್ತುವುದನ್ನು. ಅಸಲು ವಿದ್ಯೆಯನ್ನು ಮುಚ್ಚಿಟ್ಟುಕೊಂಡಿದ್ದಾರೆ, ಅಂದುಕೊಂಡ.

ಕೆಲವು ದಿನ ಹೇಳಿದಂತೆ ಒತ್ತಿದ. ಅವನ ನಕ್ಷೆಗಳು ಚಿಕ್ಕವು, ಇದ್ದಲ್ಲೇ ಇರುತ್ತಿದ್ದವು. ಒತ್ತಿದರೂ ಅದೇ, ಬಿಟ್ಟರೂ ಅದೇ. ಬಿಟ್ಟ.

ಗೆರೆ ಬಂತು, ವೃತ್ತ ಬಂತು, ಅಳತೆ ಹಾಕುವುದು ಬಂತು. ಕೈ ಚುರುಕಾಯಿತು. ಅನುಮಾನ ಮಾತ್ರ ಹಾಗೇ ಇತ್ತು.

ಹಿಂದಿನ ಮಳೆಗಾಲದಲ್ಲಿ ಹೊಳೆ ಆಶ್ರಮದ ಸ್ನಾನಘಟ್ಟವನ್ನು ಕೊಚ್ಚಿಕೊಂಡು ಹೋಗಿತ್ತು. ಈಗ ನೀರಿಗಿಳಿಯಲು ಕೆಸರಿನ ಜಾರು ದಂಡೆ. ಅಡುಗೆಯ ಪುಟ್ಟೀರಮ್ಮ ಕೊಡದ ಸಮೇತ ಉರುಳಿ ಇನ್ನೂ ಕುಂಟುತ್ತಿದ್ದಳು. ಗುರುಗಳು ಯಾರದಾದರೂ ಕೈ ಹಿಡಿದು ಇಳಿಯುತ್ತಿದ್ದರು.

ಒಂದು ದಿನ ಗುರುಗಳು ಇಬ್ಬರನ್ನೂ ಕರೆದರು.

"ಹೊಳೆ ಇಳಿದಿದೆ. ಕಲ್ಲಿನ ಮೇಸ್ತ್ರಿ ಬರ್ತಾನೆ. ನಕ್ಷೆ ಬೇಕು. ವೇಣಿ, ನೀನು ಹೊಳೆ ಬರಿ, ದಂಡೆ ಬರಿ. ಹಾಲೇಶ, ನೀನು ಮೆಟ್ಟಿಲು ಬರಿ."

"ಬೇರೆ ಬೇರೆ ನಕ್ಷೆನಾ ಗುರುಗಳೇ?"

"ಒಂದೇ."

ಕಂಪ್ಯೂಟರೂ ಒಂದೇ. ಬೆಳಿಗ್ಗೆ ಹಾಲೇಶ ಕೂರುವುದು, ಮಧ್ಯಾಹ್ನ ನಾಗವೇಣಿ.

ಹಾಲೇಶ ಮನಸ್ಸಿಟ್ಟು ಬರೆದ. ಅಗಲವಾದ ಮೆಟ್ಟಿಲು. ಮುದುಕರು ಕಾಲು ಎತ್ತಿಡಲು ತೊಂದರೆಯಾಗದಂತೆ ಎತ್ತರ ಕಡಿಮೆ. ನಡುವೆ ಕೂರಲು ಜಗಲಿ, ಕೊಡ ಇಡಲು ಗೂಡು. ಅಂಥ ಕೆಲಸವನ್ನು ಅವನು ಹಿಂದೆ ಮಾಡಿರಲಿಲ್ಲ. ಚೆನ್ನಾಗಿದೆ ಎಂದು ಅವನಿಗೇ ಗೊತ್ತಾಗುತ್ತಿತ್ತು. ಅಲ್ಲಿಂದ ಹೆದರಿಕೆ ಶುರುವಾಯಿತು.

ಒಂದು ಬೆಳಿಗ್ಗೆ ಬಂದು ನೋಡಿದರೆ, ತಾನು ದೊಡ್ಡದಾಗಿ ಬಿಟ್ಟುಹೋಗಿದ್ದ ಮೆಟ್ಟಿಲು ಪರದೆಯಲ್ಲಿ ಚಿಕ್ಕದಾಗಿತ್ತು. ಪಕ್ಕದಲ್ಲಿ ಹೊಳೆ, ದಂಡೆ, ಎಲ್ಲ ಕಾಣುತ್ತಿದ್ದವು. ಯಾರೋ ನೋಡಿದ್ದಾರೆ!

ಅಂದೇ ಊಟದ ಹೊತ್ತಿಗೆ ನಾಗವೇಣಿ ಗುರುಗಳಿಗೆ ಹೇಳುವುದು ಕೇಳಿಸಿತು.

"ಹಾಲಣ್ಣನ ಮೆಟ್ಟಿಲು ಚಂದ ಬರ್ತಿದೆ."

ಹಾಲೇಶ ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದ. ಇವಳು ಯಾಕೆ ಹೊಗಳಬೇಕು? ಇವತ್ತು ಹೊಗಳುತ್ತಾಳೆ, ನಾಳೆ ಕೊನೆಯ ಎರಡು ಗೆರೆ ತಾನೆಳೆದು, ಇದು ನಂದು ಎನ್ನುತ್ತಾಳೆ.

ಕಂಪ್ಯೂಟರಿಗೆ ಬೀಗ ಹಾಕುವಂತಿರಲಿಲ್ಲ. ಅವನಿಗೆ ಪರದೆಯೊಳಗಿನ ಆ ಬಯಲಿನ ನೆನಪಾಯಿತು.

ಮಾರನೆಯ ಬೆಳಿಗ್ಗೆ ಕೆಲಸ ಮುಗಿಸಿ, ಮೆಟ್ಟಿಲುಗಳನ್ನೆಲ್ಲ ಒಟ್ಟಿಗೆ ಹಿಡಿದು ದೂರ ಸರಿಸಿದ. ಚಕ್ರ ತಿರುಗಿಸಿ ಬಯಲನ್ನು ಹಿಗ್ಗಿಸಿದ, ಮತ್ತೆ ಸರಿಸಿದ. ಸಾಲದು ಅನ್ನಿಸಿತು. ಇನ್ನೂ ಆಚೆಗೆ ಒಯ್ದ. ಕೊನೆಗೆ ಪರದೆಯನ್ನು ದಂಡೆಯ ಹತ್ತಿರ ತಂದು ನಿಲ್ಲಿಸಿದ. ಹೊಳೆ ಇತ್ತು. ದಂಡೆ ಬೋಳಾಗಿತ್ತು.

ಅವತ್ತು ಅವನು ಹೊಟ್ಟೆ ತುಂಬ ಉಂಡ.

ಸಂಜೆ ಬಾವಿಯ ಹತ್ತಿರ ನಾಗವೇಣಿ ಸಿಕ್ಕಳು.

"ಏನ್ ಹಾಲಣ್ಣ, ಮೆಟ್ಟಿಲು ವಾಕಿಂಗ್ ಹೋಗಿದೆಯಾ?"

ಅವಳು ತಮಾಷೆ ಮಾಡುವ ಮುಖದಲ್ಲೇ ಇದ್ದಳು. ಹಾಲೇಶ ಕೀಲಿಕೈ ಸದ್ದು ಮಾಡಿಕೊಂಡು ಸರಸರ ನಡೆದುಬಿಟ್ಟ.

ಮರುದಿನ ಎಲ್ಲರಿಗಿಂತ ಮುಂಚೆ ಹೋಗಿ ಕೂತ. ಪರದೆಯನ್ನು ಬಲಕ್ಕೆ ಎಳೆದ. ಕತ್ತಲೆ. ಮೇಲಕ್ಕೆ ಎಳೆದ. ಕತ್ತಲೆ. ಬಲಕ್ಕೆ ಒಯ್ದಿದ್ದೆನೋ, ಮೇಲಕ್ಕೋ, ಮೊದಲು ಬಲಕ್ಕೆ ಒಯ್ದು ಆಮೇಲೆ ಮೇಲಕ್ಕೋ? ಎಳೆದಷ್ಟೂ ಬಯಲು. ಹೊಳೆಯೂ ಎಲ್ಲೋ ತಪ್ಪಿಹೋಯಿತು.

ಚಕ್ರವನ್ನು ತಿರುಗಿಸಿದ, ತಿರುಗಿಸಿದ. ಏನೂ ಇಲ್ಲ. ಪರದೆಯ ಎಡಗಡೆ ಸಾಸಿವೆಯಂಥ ಒಂದು ಚುಕ್ಕೆ ಮಾತ್ರ ಕಂಡಿತು. ಟವಲಿನ ಚುಂಗಿನಿಂದ ಒರೆಸಿದ. ಹೋಗಲಿಲ್ಲ. ಎಂಜಲು ಹಚ್ಚಿ ಒರೆಸಿದ. ಆಗಲೂ ಹೋಗಲಿಲ್ಲ. ನೊಣದ ಹಿಕ್ಕೆ, ಒಣಗಿ ಅಂಟಿಕೊಂಡಿದೆ ಎಂದು ಬಿಟ್ಟ.

ಅವನಿಗೆ ಈಗ ಎಲ್ಲ ತಿಳಿಯಿತು. ವಾಕಿಂಗ್ ಹೋಗಿದೆಯಾ ಅಂದಳಲ್ಲ! ಹುಡುಕಿಕೊಂಡು ಹೋಗಿ ಅಳಿಸಿದ್ದಾಳೆ. ತನ್ನ ಕಣ್ಣೆದುರು ನಿಂತು ಅಣಕಿಸಿದ್ದಾಳೆ.

ಗುರುಗಳು ಜಗಲಿಯ ಮೇಲೆ ಕೂತು ಪೆನ್ಸಿಲ್ ಹೆರೆಯುತ್ತಿದ್ದರು. ನಾಗವೇಣಿ ಅಂಗಳದಲ್ಲಿ ನೀರು ಚಿಮುಕಿಸುತ್ತಿದ್ದಳು.

"ಗುರುಗಳೇ, ನನ್ನ ಮೆಟ್ಟಿಲು ಕಳುವಾಗಿದೆ."

ಗುರುಗಳು ತಲೆಯೆತ್ತಿದರು.

"ನಿನ್ನೆ ನಾನು ಎದ್ದ ಮೇಲೆ ಅಲ್ಲಿ ಕೂತವಳು ಇವಳೊಬ್ಬಳೇ."

ನಾಗವೇಣಿ ತಂಬಿಗೆ ಹಿಡಿದು ನಿಂತಳು. "ನಾನು ಕದ್ದೆನಾ? ಮೆಟ್ಟಿಲನ್ನಾ? ಸೆರಗಲ್ಲಿ ಕಟ್ಟಿಕೊಂಡು ಹೋದೆನಾ?"

"ಕದಿಯೋಕೆ ಆಗ್ಲಿಲ್ಲ ಅಂತ ಅಳಿಸಿದೀಯ."

"ನೀನು ಎದ್ದಾಗ ಎಲ್ಲಿತ್ತು?" ಎಂದರು ಗುರುಗಳು.

ಹಾಲೇಶ ಉಡಿದಾರದ ಕೀಲಿಕೈ ಹಿಡಿದುಕೊಂಡ.

"ಅಲ್ಲೇ."

"ಅಲ್ಲೇ ಅಂದರೆ?"

"ದಂಡೆ ಮೇಲೆ."

ನಾಗವೇಣಿ ಅವನ ಮುಖವನ್ನೇ ನೋಡಿದಳು. ಅವಳ ಕಣ್ಣಲ್ಲಿದ್ದ ತಮಾಷೆ ಹೋಯಿತು.

"ದಂಡೆ ಮೇಲೆ ಇತ್ತಾ ಹಾಲಣ್ಣ?"

"ಇತ್ತು."

ಅವಳು ಮತ್ತೆ ನೀರು ಚಿಮುಕಿಸತೊಡಗಿದಳು. ಅದು ಅವನನ್ನು ಇನ್ನಷ್ಟು ಕೆರಳಿಸಿತು.

"ಇವಳಿರೋ ಕಡೆ ನಾನಿರಲ್ಲ ಗುರುಗಳೇ. ಇವಳಿರಬೇಕು, ಇಲ್ಲ ನಾನಿರಬೇಕು."

ಗುರುಗಳು ಪೆನ್ಸಿಲಿನ ಮೊನೆ ನೋಡಿದರು.

"ಸರಿ. ಸಂಜೆ ಮೇಸ್ತ್ರಿ ಬರ್ತಾನೆ. ನಕ್ಷೆ ಅವನ ಕೈಗೆ ಹೋದ ಮೇಲೆ ಒಬ್ಬರು ಹೊರಡಿ."

ನಾಗವೇಣಿ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ಅವಳು ಬಟ್ಟೆ ಗಂಟು ಕಟ್ಟುವುದು ಕಿಟಕಿಯಿಂದ ಕಾಣುತ್ತಿತ್ತು.

ಗೆದ್ದೆ ಅಂದುಕೊಂಡ ಹಾಲೇಶ. ಮರುಕ್ಷಣ ಅನುಮಾನ ಬಂತು. ಇಷ್ಟು ಸಲೀಸಾಗಿ ಒಪ್ಪಿದರಲ್ಲ. ಒಬ್ಬರು ಅಂದರು, ಯಾರು ಅನ್ನಲಿಲ್ಲ.

"ಬಾ," ಎಂದು ಗುರುಗಳು ಎದ್ದರು. "ಮೊದಲ ಪಾಠ ಒಪ್ಪಿಸು."

"ಈಗಲಾ?"

"ಈಗಲೇ. ವೇಣಿ, ನೀನೂ ಬಾ."

ಹಾಲೇಶ ಕಂಪ್ಯೂಟರಿನ ಮುಂದೆ ಕೂತ. ಗುರುಗಳು ಹಿಂದೆ ನಿಂತರು. ನಾಗವೇಣಿ ಕಂಕುಳಲ್ಲಿ ಗಂಟು ಇಟ್ಟುಕೊಂಡು ಬಾಗಿಲಲ್ಲೇ ನಿಂತಳು.

"ಏನು ಕಾಣ್ತದೆ?"

"ಏನೂ ಇಲ್ಲ. ಒಂದು ನೊಣದ ಹಿಕ್ಕೆ ಇದೆ."

"ಕೂತ ಕೂಡಲೇ ಏನು ಮಾಡು ಅಂದಿದ್ದೆ?"

ಹಾಲೇಶನ ಕೈ ಮೌಸಿನ ಮೇಲಿತ್ತು. ಇದರಲ್ಲಿ ಏನೋ ಇದೆ ಅನ್ನಿಸಿತು. ಇವರಿಬ್ಬರೂ ಸೇರಿ ಏನೋ ಮಾಡಿದ್ದಾರೆ.

"ಚಕ್ರ ಎರಡು ಸಲ ಒತ್ತು ಅಂದಿದ್ರಿ."

"ಒತ್ತು."

ಒತ್ತಿದ. ಟಕ್ ಟಕ್.

ಬಯಲು ಒಮ್ಮೆಲೇ ತಿರುಗಿ ನಿಂತಿತು. ಎಡಗಡೆ ಕೆಳಮೂಲೆಯಲ್ಲಿ ಹೊಳೆ, ಬಿದ್ದ ಕೂದಲಿನಷ್ಟು. ನಡುವೆ ಬರೀ ಕತ್ತಲೆ. ಬಲಗಡೆ ಮೇಲ್ಮೂಲೆಯಲ್ಲಿ ಒಂದು ಚುಕ್ಕೆ, ಸಾಸಿವೆಯಷ್ಟು.

ಬೆಳಿಗ್ಗೆ ಎಂಜಲು ಹಚ್ಚಿ ಒರೆಸಿದ ಚುಕ್ಕೆ ಆಗ ಎಡಗಡೆ ಇತ್ತು. ಅಂಟಿಕೊಂಡ ಹಿಕ್ಕೆ ನಡೆಯುವುದಿಲ್ಲ.

"ಅದೇನು?" ಎಂದರು ಗುರುಗಳು.

ಹಾಲೇಶ ಬೆರಳಿನಿಂದ ಚುಕ್ಕೆಯನ್ನು ಮುಟ್ಟಿ ನೋಡಿದ.

"ಹತ್ತಿರ ಹೋಗು."

ಕೂಡುಗುರುತನ್ನು ಚುಕ್ಕೆಯ ಮೇಲಿಟ್ಟು ಚಕ್ರ ತಿರುಗಿಸಿದ. ಚುಕ್ಕೆ ಕಾಳಾಯಿತು. ಕಾಳು ಬೆಂಕಿಪೊಟ್ಟಣದಷ್ಟಾಯಿತು. ಅಗಲವಾದ ಮೆಟ್ಟಿಲುಗಳು. ನಡುವೆ ಜಗಲಿ. ಕೊಡ ಇಡಲು ಗೂಡು. ಒಂದು ಗೆರೆಯೂ ಅಲುಗಿರಲಿಲ್ಲ.

ಸುತ್ತ ಕಪ್ಪು ಬಯಲು. ಮೆಟ್ಟಿಲುಗಳು ಇಳಿದು ಇಳಿದು ಎಲ್ಲಿಗೂ ಹೋಗದೆ ನಿಂತಿದ್ದವು.

"ಇಷ್ಟು ದೂರ ಯಾರು ಒಯ್ದರು?" ಎಂದರು ಗುರುಗಳು.

ಹೊರಗೆ ಪುಟ್ಟೀರಮ್ಮ ಕುಂಟುತ್ತ ಕೊಡ ತರುವ ಸದ್ದು ಕೇಳುತ್ತಿತ್ತು.

ಇವಳೇ ಒಯ್ದಳು, ಎನ್ನಬಹುದಿತ್ತು. ಅಳಿಸಲಿಲ್ಲ, ಅಡಗಿಸಿಟ್ಟಳು ಎಂದರೆ ಸಾಕಿತ್ತು. ಅಲ್ಲ ಎನ್ನಲು ಇನ್ನೊಬ್ಬರು ನೋಡಿರಲಿಲ್ಲ. ಗಂಟು ಆಗಲೇ ಅವಳ ಕಂಕುಳಲ್ಲಿತ್ತು. ಮಾತು ಹಾಲೇಶನ ತುಟಿಯ ತನಕ ಬಂತು.

ಅವನು ತಿರುಗಿ ನಾಗವೇಣಿಯ ಕಡೆ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ. ಆ ಮೆಟ್ಟಿಲುಗಳನ್ನು ನೋಡುತ್ತಿದ್ದಳು. ಯಾರದೋ ಮಗು ತಪ್ಪಿಸಿಕೊಂಡು ನಿಂತದ್ದನ್ನು ನೋಡಿದ ಹಾಗೆ.

"ನಾನೇ," ಎಂದ ಹಾಲೇಶ.

ಮೌಸಿನಿಂದ ಕೈ ತೆಗೆದ.

"ಇವಳು ನೋಡ್ತಾಳೆ ಅಂತ ಒಯ್ದಿಟ್ಟೆ. ಆಮೇಲೆ ನನಗೇ ಸಿಗಲಿಲ್ಲ."

"ನಿನಗೆ ಗೊತ್ತಿತ್ತಾ?" ಎಂದು ಗುರುಗಳು ನಾಗವೇಣಿಯನ್ನು ಕೇಳಿದರು.

"ನಿನ್ನೆ ಕೂತ ಕೂಡಲೇ ಒತ್ತಿದೆ. ಕಾಣಿಸ್ತು."

"ಮತ್ತೆ ಹೇಳಬಾರದಿತ್ತಾ?" ಎಂದ ಹಾಲೇಶ. ದನಿ ಅಳುವಂತಿತ್ತು.

"ವಾಕಿಂಗ್ ಹೋಗಿದೆಯಾ ಅಂತ ಕೇಳಿದ್ನಲ್ಲ. ನೀನು ಕೀಲಿಕೈ ಹಿಡ್ಕೊಂಡು ಓಡಿದೆ."

"ಬೆಳಿಗ್ಗೆ?"

"ಬೆಳಿಗ್ಗೆ ನೀನು ಕೇಳ್ಲಿಲ್ಲ. ಕಳ್ಳಿ ಅಂದೆ."

ಹಾಲೇಶ ಎದ್ದ. ಟ್ರಂಕಿನ ಕಡೆ ಹೊರಟವನನ್ನು ಗುರುಗಳು ತಡೆದರು.

"ಮೊದಲು ಮೆಟ್ಟಿಲನ್ನು ಹೊಳೆಗೆ ತಂದು ಸೇರಿಸು. ಮೇಸ್ತ್ರಿ ಬರ್ತಾನೆ."

ಮತ್ತೆ ಕೂತ. ಮೆಟ್ಟಿಲುಗಳನ್ನೆಲ್ಲ ಹಿಡಿದು ದಂಡೆಗೆ ತಂದ. ಕೂರಲಿಲ್ಲ. ಒಂದು ಕಡೆ ಸೇರಿಸಿದರೆ ಇನ್ನೊಂದು ಕಡೆ ಬಿರುಕು. ಮತ್ತೆ ಎತ್ತಿದ, ಮತ್ತೆ ಇಟ್ಟ.

ಬಾಗಿಲಿನಿಂದ ನಾಗವೇಣಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವಳಿಗೆ ತಡೆಯಲಾಗಲಿಲ್ಲ.

"ನಡು ಹಿಡಿದು ಎತ್ತಿದ್ರೆ ಹೆಂಗೆ ಕೂರುತ್ತೆ? ಮೂಲೆ ಹಿಡಿ. ಆ ಮೂಲೆ ಅಲ್ಲ. ದಂಡೆ ಮುಟ್ಟೋ ಮೂಲೆ."

ಅವನು ಮೂಲೆ ಹಿಡಿದ.

"ಈಗ ನನ್ನ ಗೆರೆಯ ತುದಿಗೆ ಬಿಡು."

ಬಿಟ್ಟ. ಮೆಟ್ಟಿಲು ದಂಡೆಗೆ ಕಚ್ಚಿಕೊಂಡಿತು. ಕೊನೆಯ ಮೆಟ್ಟಿಲು ನೀರಿನೊಳಗೆ ಇಳಿದಿತ್ತು.

ಗುರುಗಳು ಹೇಳದಿದ್ದರೂ ಹಾಲೇಶ ಚಕ್ರವನ್ನು ಎರಡು ಸಲ ಒತ್ತಿದ. ಹೊಳೆ, ದಂಡೆ, ಮೆಟ್ಟಿಲು. ಬೇರೇನೂ ಇರಲಿಲ್ಲ.

ಸಂಜೆ ಮೇಸ್ತ್ರಿ ಬಂದ. ಅಚ್ಚಾದ ನಕ್ಷೆಯನ್ನು ಜಗಲಿಯ ಮೇಲೆ ಹರಡಿ, ಬೆರಳಿಟ್ಟು ನೋಡಿದ.

"ಕೊಡಕ್ಕೂ ಜಾಗ ಮಾಡಿದೀರಲ್ಲ. ಯಾರು ಬರೆದಿದ್ದು?"

ಹಾಲೇಶ ಗುರುಗಳ ಕಡೆ ನೋಡಿದ.

"ಇಬ್ಬರು," ಎಂದರು ಗುರುಗಳು.

ಮೇಸ್ತ್ರಿ ನಕ್ಷೆ ಸುತ್ತಿಕೊಂಡು ಹೋದ. ಹಾಲೇಶ ಒಳಗೆ ಹೋಗಿ ಟ್ರಂಕು ಎತ್ತಿಕೊಂಡು ಬಂದ. ನಾಗವೇಣಿ ಅಂಗಳದಲ್ಲಿದ್ದಳು. ಅವಳ ಗಂಟು ಎಲ್ಲಿಯೂ ಕಾಣಲಿಲ್ಲ.

"ಬರ್ತೀನಿ," ಎಂದ.

"ಅಲ್ಲಾ, ಅದನ್ನ ಹೊತ್ಕೊಂಡು ಎಲ್ಲೀ ತನಕ ಹೋಗ್ತೀಯ?" ಎಂದಳು. ಈ ಸಲ ಅವಳು ನಗಲಿಲ್ಲ.

ದಾರಿ ಹೊಳೆಯ ಪಕ್ಕದಲ್ಲೇ ಇತ್ತು. ಗುರುಗಳು ತಂಬಿಗೆ, ಪಂಚೆ ಹಿಡಿದು ಜಾರು ದಂಡೆಯ ಮೇಲೆ ನಿಂತಿದ್ದರು.

"ಕೈ ಕೊಡು," ಎಂದರು.

ಹಾಲೇಶ ಅನುಮಾನಿಸಿದ. ಟ್ರಂಕು ಇಳಿಸದೆ ಕೈ ಕೊಡುವಂತಿರಲಿಲ್ಲ. ಅದನ್ನು ಅಲ್ಲೇ ದಂಡೆಯ ಮೇಲಿಟ್ಟ. ಗುರುಗಳ ಕೈ ಹಿಡಿದು, ಕೆಸರಿನಲ್ಲಿ ಒಂದೊಂದೇ ಹೆಜ್ಜೆ ಊರಿ ಕೆಳಗಿಳಿಸಿದ. ಇಬ್ಬರೂ ಸೊಂಟದವರೆಗೆ ನೀರಿನಲ್ಲಿ ನಿಂತರು. ಉಡಿದಾರದ ಕೀಲಿಕೈಗಳು ಮುಳುಗಿ ಸದ್ದು ನಿಂತಿತು.

"ಗುರುಗಳೇ, ಒಬ್ಬರು ಹೊರಡಿ ಅಂದಿದ್ರಿ. ನಾನು ಹೋಗಲೋ, ಬೇಡವೋ?"

"ಬೆನ್ನು ಉಜ್ಜು."

ಹಾಲೇಶ ಉಜ್ಜಿದ. ಮುದುಕರ ಬೆನ್ನು, ಎಲುಬೆಲ್ಲ ಕೈಗೆ ಸಿಗುತ್ತಿತ್ತು. ಮೇಲೆ ದಂಡೆಯಲ್ಲಿ ಟ್ರಂಕು ಒಂಟಿಯಾಗಿ ಕೂತಿತ್ತು. ಅವನು ಒಂದು ಸಲ ತಿರುಗಿ ನೋಡಿದ. ಮತ್ತೆ ನೋಡಲಿಲ್ಲ.

ಗುರುಗಳು ತಲೆಯ ಮೇಲೆ ಒಂದು ತಂಬಿಗೆ ನೀರು ಸುರಿದುಕೊಂಡು, ಕಣ್ಣು ಒರೆಸಿಕೊಂಡರು.

"ಅಷ್ಟು ಚಂದದ ಮೆಟ್ಟಿಲನ್ನು ಅಷ್ಟು ದೂರ ಒಯ್ದಿಟ್ಟಿದ್ದೆಯಲ್ಲ ಹಾಲೇಶ, ಅಲ್ಲಿ ಯಾರು ಮೀಯಬೇಕಿತ್ತು?"